ಕತ್ತಲೆ ಕೋಣೆಯ ಕಿಂಡಿ

ಕಂಪ್ಯೂಟರಿನ ಪರದೆ ಬೆಳ್ಳಗಾದದ್ದೇ ತಡ, ಕುತುಬುದ್ದೀನರ ಕೈ ತಾನಾಗಿಯೇ ಗೋಡೆಯ ಮೇನ್ ಸ್ವಿಚ್ಚಿಗೆ ಹೋಗಿ ಅದನ್ನು ಕೆಳಗೆಳೆದುಬಿಟ್ಟಿತು.

“ಬೆಳಕ ಬಿತ್ತು! ಬೆಳಕ ಬಿತ್ತು!”

ಮೇಲೆ ತಿರುಗುತ್ತಿದ್ದ ಫ್ಯಾನು ನಾಲ್ಕು ಸುತ್ತು ಹಾಕಿ ಸುಸ್ತಾಗಿ ನಿಂತಿತು. ಪರದೆ ಕಪ್ಪಾಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ಎರಡು ತಿಂಗಳಾಗಿದ್ದರಿಂದ ಕಂಪ್ಯೂಟರು ಪಿಟ್ಟೆನ್ನದೆ ಕಣ್ಣು ಮುಚ್ಚಿತು. ಅದರ ಮುಂದೆ ಕುಳಿತಿದ್ದ ಸೊಸೆ ಶಾಹಿಸ್ತಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

“ಮಾಮಾ, ಏನ ಮಾಡಿದ್ರಿ ಇದನ್ನ?”

“ಪಡದಿ ಬೆಳ್ಳಗಾತಲ್ಲವಾ! ಇನ್ನೊಂದ ನಿಮಿಷ ಬಿಟ್ಟಿದ್ರ ಫೋಟೋ ಎಲ್ಲಾ ಸುಟ್ಟ ಹೋಗ್ತಿದ್ವು.”

“ಏನೂ ಸುಡ್ತಿದ್ದಿಲ್ರಿ. ಅದು ಒಳಗ ಕೆಲಸ ಮಾಡಾಕತ್ತಿತ್ತು. ನೀವು ಮೌಸ್ ಒತ್ತಿದ್ರಿ, ಅದಕ್ಕ ಉತ್ತರಾ ಕೊಡಾಕ ಪುರಸೊತ್ತು ಇದ್ದಿಲ್ಲ, ಬೆಳ್ಳಗಾತು. ಎರಡೂವರೆ ತಾಸಿನ ಕೆಲಸ ನೀರಾಗ ಹೋತು. ಈಗ ಮತ್ತ ಮೊದಲಿಂದ.”

ಗಿರಾಕಿಗಳ ಬೆಂಚಿನ ಮೇಲೆ ಬೆಳಗಿನಿಂದ ಕುಳಿತಿದ್ದ ರಹಿಮತಬಿ ಮಾವ ಸೊಸೆ ಇಬ್ಬರ ಮುಖವನ್ನೂ ನೋಡಿದಳು. ಆಕೆ ಬೆಳ್ಳಟ್ಟಿಯವಳು, ಐವತ್ತೈದರ ಆಸುಪಾಸಿನ ರೈತ ಹೆಂಗಸು. ಉಳ್ಳಾಗಡ್ಡಿ ಕೀಳುವ ಕೆಲಸ ಬಿಟ್ಟು ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಬಂದಿದ್ದಳು.

“ಅಂದ್ರ ಇವತ್ತ ಆಗೂದಿಲ್ಲ ಅನ್ರಿ. ಭಾಯ್, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಹೇಳ್ತೇನಿ. ನಿಮ್ಮ ಈ ಡಬ್ಬಿಗಿಂತಾ ನಮ್ಮ ಎಮ್ಮಿ ಚೊಲೊ. ಮೇಯಾಕತ್ತಿರಲಿ, ಮೆಲಕ ಹಾಕಾಕತ್ತಿರಲಿ, ಕರದರ ಕಿವಿ ಆದ್ರೂ ಅಳ್ಳಾಡಸತೈತಿ.”

ಕುತುಬುದ್ದೀನರಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು. ಅರವತ್ತೇಳು ವರ್ಷದ ಆ ಕೈ ಯಾಕೆ ಹಾಗೆ ಮಾಡಿತೆಂದು ಅವರಿಗೆ ಗೊತ್ತಿತ್ತು. ‘ನೂರ ಫೋಟೋ ಸ್ಟುಡಿಯೋ’ ಎಂದು ಈ ಅಂಗಡಿ ತೆರೆದ ಹೊಸದರಲ್ಲಿ ಅವರು ಒಂದು ಲಗ್ನದ ರೀಲು ತೊಳೆಯುತ್ತಿದ್ದಾಗ ಯಾರೋ ಬೀಗರು ಕತ್ತಲೆ ಕೋಣೆಯ ಬಾಗಿಲು ತಳ್ಳಿ, “ಆತೇನ್ರಿ?” ಎಂದು ಕೇಳಿದ್ದರು. ಆ ಒಂದು ಮಾತಿನಷ್ಟು ಹೊತ್ತಿನಲ್ಲಿ ರೀಲಿಗೆ ಬೆಳಕು ಬಿದ್ದು ಇಡೀ ಲಗ್ನ ಸುಟ್ಟುಹೋಗಿತ್ತು. ಅಂದಿನಿಂದ, ಕೆಲಸ ನಡೆದಿರುವಾಗ ಬೇಡದ ಕಡೆ ಬೆಳಕು ಕಂಡರೆ ಮೊದಲು ಅದನ್ನು ಆರಿಸುವುದು, ವಿಚಾರ ಆಮೇಲೆ. ಕತ್ತಲೆ ಕೋಣೆಗೆ ಬೀಗ ಬಿದ್ದು ಹನ್ನೆರಡು ವರ್ಷವಾಗಿದ್ದರೂ ಕೈಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ರಹಿಮತಬಿ ಬಂದದ್ದು ಒಂದು ಮುಖವನ್ನು ಹುಡುಕಿಕೊಂಡು. ಅವಳ ಅಕ್ಕ ಅಲ್ಮಾಸಬಿ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಆರು ತಿಂಗಳ ಹೆಣ್ಣು ಕೂಸನ್ನು ಬಿಟ್ಟು ಜ್ವರದಲ್ಲಿ ತೀರಿಕೊಂಡಿದ್ದಳು. ಆ ಕೂಸು ಸಬೀನಾ. ರಹಿಮತಬಿಯ ಮಡಿಲಲ್ಲೇ ಬೆಳೆದ ಅವಳಿಗೆ ಈಗ ಮೂವತ್ತೆಂಟು. ಮುಂಡರಗಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಹೆತ್ತ ತಾಯಿಯ ಮುಖ ಅವಳು ಒಮ್ಮೆಯೂ ಕಂಡಿಲ್ಲ. ಅಕ್ಕ ತಂಗಿಯರ ಅಪ್ಪನಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಅಲ್ಮಾಸಬಿಯ ಒಂದು ಚಿತ್ರವೂ ಉಳಿದಿರಲಿಲ್ಲ. ಆದರೆ ಲಗ್ನಕ್ಕೆ ಮುಂಚೆ ಒಂದು ಸಂತೆಯ ದಿನ ಅಕ್ಕ ತಂಗಿ ಇಬ್ಬರೂ ಬಳೆ ಇಡಿಸಿಕೊಂಡು, ಯಾರಿಗೂ ಹೇಳದೆ ನೂರ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದರು. ಫೋಟೋ ತೆಗೆಸಿದ್ದು ಖರೆ. ಒಯ್ಯಲು ಮಾತ್ರ ಬರಲೇ ಇಲ್ಲ. ಅಷ್ಟರಲ್ಲಿ ಅಪ್ಪನಿಗೆ ಖಬರು ಹತ್ತಿತ್ತು.

“ಆಕಿ ಮುಖಾ ಗುರತ ಹಿಡಿಯಾಕ ಈಗ ಉಳದಾಕಿ ನಾ ಒಬ್ಬಾಕಿ,” ಎಂದಿದ್ದಳು ರಹಿಮತಬಿ ಮೊದಲ ದಿನ. “ನನಗೂ ಈಗೀಗ ಕಣ್ಣ ಮುಚ್ಚಿದ್ರ ಆಕಿ ಮೂಗತಿ ಕಾಣತೈತಿ, ಮೂಗು ಕಾಣೂದಿಲ್ಲ. ಸಬೀನಾ ಕೇಳಿದ್ರ ಏನ ಹೇಳಲಿ?”

ಕುತುಬುದ್ದೀನರು ತಮ್ಮ ಆಯುಷ್ಯದಲ್ಲಿ ಒಂದು ನೆಗೆಟಿವ್ವನ್ನೂ ಎಸೆದವರಲ್ಲ. ಆದರೆ ಯಾವ ಲಕೋಟೆಯಲ್ಲಿ ಯಾರಿದ್ದಾರೆ ಎಂದು ಬರೆದಿಟ್ಟ ವಹಿಯನ್ನು ಗೆದ್ದಲು ತಿಂದಿತ್ತು. ಶಾಹಿಸ್ತಾ ಗದಗಿನಲ್ಲಿ ಬಿ.ಸಿ.ಎ. ಓದಿದವಳು. ಮದುವೆಯಾಗಿ ಬಂದಮೇಲೆ, ಗಂಡ ನಯಾಜ ಲಗ್ನದ ವಿಡಿಯೋ ಎಂದು ಊರೂರು ತಿರುಗುತ್ತಿದ್ದಾಗ, ಅವಳು ಅಂಗಡಿಯಲ್ಲಿ ಕುಳಿತು ಎರಡು ವರ್ಷ ಆ ನೆಗೆಟಿವ್‌ಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದ್ದಳು. ಹನ್ನೊಂದು ಸಾವಿರದಷ್ಟಾಗಿದ್ದವು. ಈಗ ಒಂದು ಪ್ರೋಗ್ರಾಮನ್ನೂ ಬರೆದಿದ್ದಳು. ಅಕ್ಕನ ಚಿತ್ರವಿಲ್ಲದಿದ್ದರೇನಂತೆ, ಗಂಡನ ಮನೆಯವರು ತೆಗೆಸಿದ್ದ ರಹಿಮತಬಿಯದೇ ಹಳೆಯ ಲಗ್ನದ ಫೋಟೋ ಇತ್ತಲ್ಲ; ಆ ಮುಖಕ್ಕೆ ಹೋಲುವ ಮುಖ ಎಲ್ಲೆಲ್ಲಿದೆ ಎಂದು ಹನ್ನೊಂದು ಸಾವಿರ ಚಿತ್ರಗಳಲ್ಲೂ ಹುಡುಕುವುದು. ತಂಗಿ ಸಿಕ್ಕರೆ ಪಕ್ಕದಲ್ಲಿ ಅಕ್ಕ ಇರಲೇಬೇಕು. ಒಂದು ಚಿತ್ರಕ್ಕೆ ಎರಡು ಸೆಕೆಂಡಿನಂತೆ ಒಟ್ಟು ಆರು ತಾಸಿನ ಕೆಲಸ.

ಅಂದು ಆ ಕೆಲಸ ಹಾಗೆ ಕೆಟ್ಟಿತು. ರಹಿಮತಬಿ ಕೊನೆಯ ಬಸ್ಸಿಗೆ ಹೋದಳು.

ಕುತುಬುದ್ದೀನರಿಗೆ ಮಾತ್ರ ಅದೇ ಗುಂಗು. ಮರುದಿನ ಪಾಸ್‌ಪೋರ್ಟ್ ಫೋಟೋದವರ ಗದ್ದಲ ಕಡಿಮೆಯಾದ ಮೇಲೆ ಅವರು ಸ್ಟೂಲು ಎಳೆದುಕೊಂಡು ಸೊಸೆಯ ಬಾಜೂ ಕುಳಿತರು.

“ಶಾಹಿಸ್ತಾ, ನನಗೊಂದ ತಿಳೀವಲ್ದು. ಅದು ಕೆಲಸಾ ಮಾಡಾಕತ್ತಿತ್ತು ಅಂತಿ. ಮತ್ತ ಸತ್ತವರಂಗ ಯಾಕ ಬೆಳ್ಳಗ ಮಾರಿ ಮಾಡಕೊಂಡಿತು?”

“ಅದಕ್ಕ ಇರೂದು ಒಂದ ಕೈ ಅಂತ ತಿಳೀರಿ ಮಾಮಾ. ನಾ ಬರದಿದ್ದ ಹಂಗ. ಅದ ಕೈಲೆ ಫೋಟೋ ಹುಡಕಬೇಕು, ಅದ ಕೈಲೆ ಪಡದಿ ಮ್ಯಾಲ ಚಿತ್ರಾ ಬರೀಬೇಕು, ನೀವು ಮೌಸ್ ಒತ್ತಿದ್ರ ಅದ ಕೈಲೆ ಓ ಅನಬೇಕು. ಹುಡಕೂದರಾಗ ಮುಳಗಿ ಬಿಟ್ರ ತಲಿ ಎತ್ತಿ ನೋಡೂದ ಇಲ್ಲ. ಅಷ್ಟೊತ್ತು ನೋಡಿ ಕಂಪ್ಯೂಟರ್ ಅಂತೈತಿ, ‘ಇಂವಾ ಮಾತಾಡವಲ್ಲ’ ಅಂತ. ಅಂದು ಪಡದಿ ಬೆಳ್ಳಗ ಮಾಡತೈತಿ.”

“ಅಂದ್ರ ಒಬ್ಬನ ನಡಸೂ ಸ್ಟುಡಿಯೋ.”

“ಹಾಂ, ಹಂಗ ಅನ್ರಿ.”

“ಒಬ್ಬನ ಒಳಗ ತೊಳೀತಾನ, ಹೊರಗ ಗಿರಾಕಿ ನಿಂತಾರ. ಅಂಗಡಿ ಮುಚ್ಚೇತೇನೋ ಅಂತ ಹೋಗಿ ಬಿಡ್ತಾರ.” ಅವರು ಗಡ್ಡ ಸವರಿಕೊಂಡರು. “ಇಲ್ಲಾ ನನ್ನಂಥಾವರು ಬಾಗಲಾ ಮುರೀತಾರ.”

ಶಾಹಿಸ್ತಾ ನಕ್ಕು, “ಈ ಸಲ ಚಕ್ರ ಹಾಕ್ತೇನಿ ತಡೀರಿ,” ಎಂದಳು.

ಮುಂದಿನ ವಾರ ರಹಿಮತಬಿ ಬಂದಾಗ ಪರದೆಯ ನಡುವೆ ಒಂದು ನೀಲಿ ಚಕ್ರ ತಿರುಗುತ್ತಿತ್ತು. ಅದರ ಕೆಳಗೆ ‘ಹುಡುಕುತ್ತಿದೆ, ದಯವಿಟ್ಟು ಕಾಯಿರಿ’ ಎಂದು ಬರೆದಿತ್ತು. ನೋಡಲು ಚೆಂದವಾಗಿತ್ತು. ಕುತುಬುದ್ದೀನರಿಗೆ ಧೈರ್ಯ ಬಂದು ಮೇನ್ ಸ್ವಿಚ್ಚಿನಿಂದ ದೂರದಲ್ಲಿ ಕುಳಿತರು. ರಹಿಮತಬಿ ಗಂಟು ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎಲ್ಲರಿಗೂ ಕೊಟ್ಟಳು. ಉಂಡಾಯಿತು. ಚಹಾ ಆಯಿತು. ಚಕ್ರ ತಿರುಗಿಯೇ ತಿರುಗಿತು.

ಮೂರು ತಾಸು ಕಳೆದ ಮೇಲೆ ಕುತುಬುದ್ದೀನರಿಗೆ ಏನೋ ಒಂದು ಸರಿ ಕಾಣಲಿಲ್ಲ. ಮೊದಲ ಸಲ ಕೆಲಸ ನಡೆದಾಗ ಮೇಜಿನ ಕೆಳಗಿನ ಡಬ್ಬಿ ಜೋರಾಗಿ ಉಸಿರು ಬಿಡುತ್ತಿದ್ದದ್ದು ಅವರಿಗೆ ನೆನಪಿತ್ತು. ಬಗ್ಗಿ ಕಿವಿಯಿಟ್ಟರು. ಮುಟ್ಟಿ ನೋಡಿದರು. ತಣ್ಣಗಿತ್ತು.

“ಶಾಹಿಸ್ತಾ, ಗಾಣದ ಎತ್ತು ತಿರಗಾಕತ್ತೈತಿ. ಎಣ್ಣಿ ಬರಾಕತ್ತೈತೇನು ನೋಡವಾ.”

ಅವಳು ಒಳಹೊಕ್ಕು ನೋಡಿದಳು. ಮುಖ ಸಣ್ಣದಾಯಿತು. ಹೋದ ವಾರ ಕರೆಂಟು ತಟ್ಟನೆ ಹೋದಾಗಲೋ ಏನೋ, ಇನ್ನೂರ ಹನ್ನೆರಡನೆಯ ಚಿತ್ರದ ಫೈಲು ಕೆಟ್ಟಿತ್ತು. ಹುಡುಕಾಟ ಅದಕ್ಕೆ ಎಡವಿ ಶುರುವಾದ ಹತ್ತು ನಿಮಿಷದೊಳಗೇ ಬಿದ್ದು ಸತ್ತಿತ್ತು. ಚಕ್ರವನ್ನು ಅವಳು ಬೇರೆಯಾಗಿ ಬರೆದು ಮೇಲೆ ಅಂಟಿಸಿದ್ದಳು. ಕೆಲಸ ಇದೆಯೋ ಇಲ್ಲವೋ ಎಂದು ಅದಕ್ಕೆ ಗೊತ್ತೇ ಇರಲಿಲ್ಲ. ತಿರುಗು ಎಂದಿದ್ದಳು, ತಿರುಗುತ್ತಿತ್ತು.

“ಮೂರು ತಾಸು ನಾವು ಮಯ್ಯತ್ತಿನ ಮುಂದ, ಹೆಣದ ಮುಂದ ಕುಂತ ರೊಟ್ಟಿ ತಿಂದ್ವೇನ ಹಂಗಾದ್ರ?” ಎಂದಳು ರಹಿಮತಬಿ.

ಶಾಹಿಸ್ತಾಳ ಕಣ್ಣಲ್ಲಿ ನೀರು ಬಂತು. “ಚಾಚಿ, ನನ್ನದ ತಪ್ಪು.”

“ಅಳಬ್ಯಾಡ ಮಗಳ. ರೊಟ್ಟಿ ಅಂತೂ ಖರ್ಚಾದ್ವು. ಇನ್ನೊಮ್ಮೆ ಬರ್ತೇನಿ. ಮುಂದಿನ ಐತವಾರ ಸಬೀನಾಗೂ ಸೂಟಿ ಐತಿ, ಆಕೀನೂ ಕರಕೊಂಡ ಬರ್ತೇನಿ.” ಸೆರಗು ಸರಿಮಾಡಿಕೊಂಡು ಎದ್ದವಳು ಬಾಗಿಲಲ್ಲಿ ನಿಂತಳು. “ಅವತ್ತೂ ಆಗಲಿಲ್ಲಂದ್ರ ಆಕಿಗೆ ಫೋಟೋ ಇಲ್ಲ ಅಂತ ಹೇಳಿ ಬಿಡ್ತೇನಿ. ಸುಮ್ಮ ಆಸೆ ಹಚ್ಚಿ ಕುಂಡ್ರಸೂದು ಪಾಪ.”

ಅವಳು ಹೋದ ಮೇಲೆ ಕುತುಬುದ್ದೀನರು ಎದ್ದು, ಗೂಟದಲ್ಲಿದ್ದ ಕೀಲಿ ತೆಗೆದುಕೊಂಡು, ಹನ್ನೆರಡು ವರ್ಷದಿಂದ ಮುಚ್ಚಿದ್ದ ಕತ್ತಲೆ ಕೋಣೆಯ ಬೀಗ ತೆಗೆದರು.

“ಬಾ ಇಲ್ಲೆ. ನಿನಗೊಂದ ತೋರಸ್ತೇನಿ.”

ಒಳಗೆ ಹುಳಿ ವಾಸನೆ ಇನ್ನೂ ಇತ್ತು. ಬಾಗಿಲ ಮೇಲೆ ಧೂಳು ಹಿಡಿದ ಕೆಂಪು ಬಲ್ಬು. ಕೌಂಟರಿನ ಕಡೆಯ ಗೋಡೆಯಲ್ಲಿ ಒಂದು ಮೊಳದಗಲದ ಕಿಂಡಿ, ಅದಕ್ಕೆ ಒಳಗೊಂದು ಹೊರಗೊಂದು ಕರಿ ಬಟ್ಟೆಯ ಪರದೆ.

“ನಾನು ಈ ಕೆಲಸಾ ಕಲ್ತದ್ದು ಗದಗಿನಾಗ, ಲಾಡಸಾಬ ಉಸ್ತಾದರ ಕಡೆ. ಅವರು ಒಳಗ, ನಾ ಕೌಂಟರಿಗೆ. ಹೊರಗ ಕೆಂಪ ದೀಪಾ ಹತ್ತಿದ್ರ ಯಾರೂ ಬಾಗಲಾ ಮುಟ್ಟಂಗಿಲ್ಲ. ಒಂದ ದಿನಾ ಏನಾತು, ನಾಕ ಮಂದಿ ಗಿರಾಕಿ ಕುಂತಾರ, ಕೆಂಪ ದೀಪಾ ಹತ್ತೇತಿ. ತಾಸಾತು, ಎರಡ ತಾಸಾತು. ಉಸ್ತಾದ ಎಲ್ಲಿ ಅಂದ್ರ ಹಿಂದಿನ ಬಾಗಲಾ ತಗದು ಚಹಾದಂಗಡ್ಯಾಗ ಕುಂತು ಕವಡಿ ಹಾಕಿ ಚಕ್ಕಾ ಆಡಾಕತ್ತಾರ!”

ಶಾಹಿಸ್ತಾ ಅಳುವುದನ್ನು ಮರೆತು ನಕ್ಕುಬಿಟ್ಟಳು. “ನನ್ನ ಚಕ್ರದಂಗ.”

“ಹೂಂ, ನಿನ್ನ ಚಕ್ರದಂಗ. ದೀಪಾ ಹತ್ತೇತಿ ಅಂದ್ರ ದೀಪಾ ಹತ್ತೇತಿ ಅಂತ ಅಷ್ಟ ಅರ್ಥ. ಒಳಗ ಮನಿಷಾ ಅದಾನು ಅಂತಲ್ಲ. ಅವತ್ತಿಂದ ಗಿರಾಕಿ ದೀಪಾ ನಂಬೂದು ಬಿಟ್ರು. ‘ಬಡದ ನೋಡಪಾ’ ಅಂತಿದ್ರು. ನಾನು ಗ್ವಾಡಿಗೆ ಎರಡ ಸಲ ಬಡೀತಿದ್ದೆ. ಒಳಗಿಂದ ಉಸ್ತಾದರು ಇನ್ನೂ ಎಷ್ಟ ಫೋಟೋ ಉಳದಾವ ಅಷ್ಟ ಸಲ ಬಡೀತಿದ್ರು. ಐದ ಬಡದ್ರು ಅಂದ್ರ ಐದ. ಮಂದಿ ಆರಾಮ ಕುಂಡ್ರತಿದ್ರು. ಎಷ್ಟ ತಡಾ ಆದ್ರೂ ಯಾರೂ ಜಗಳಾ ತಗೀತಿದ್ದಿಲ್ಲ.”

“ಕೆಲಸಾ ಮಾಡಾವ ತಾನ ಬಡೀಬೇಕು,” ಎಂದಳು ಶಾಹಿಸ್ತಾ ನಿಧಾನವಾಗಿ. “ಒಂದ ಫೋಟೋ ಮುಗದ ಕೂಡಲೆ ಒಂದ ಸಲ. ಸತ್ತರ ಬಡಿತಾ ನಿಲ್ಲತೈತಿ, ನಮಗ ಗೊತ್ತಾಗತೈತಿ.”

“ಅಷ್ಟ ಅಲ್ಲ. ಒಂದ ಕೈ ಅಂದಿದ್ಯಲ್ಲಾ, ಅದನ್ನ ಎರಡ ಮಾಡಾಕ ಬರೂದಿಲ್ಲೇನು? ಒಬ್ಬ ಒಳಗ, ಒಬ್ಬ ಕೌಂಟರಿಗೆ?”

“ಬರತೈತ್ರಿ ಮಾಮಾ. ಸ್ವಲ್ಪ ಕಷ್ಟದ ಕೆಲಸ ಅಂತ ನಾನ ಬಿಟ್ಟಿದ್ದೆ.”

ಮುಂದಿನ ಮೂರು ದಿನ ಅವಳು ಅದರಲ್ಲೇ ಮುಳುಗಿದಳು. ಕುತುಬುದ್ದೀನರು ಗಿರಾಕಿಗಳನ್ನು ನೋಡಿಕೊಂಡು, ನಡುನಡುವೆ ಬಂದು ಇಣುಕಿ ಹೋಗುತ್ತಿದ್ದರು. ಅವರಿಗೆ ಆ ಬರಹ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೆ ಸೊಸೆಯ ಹುಬ್ಬು ನೋಡಿದರೆ ಕೆಲಸ ಎಲ್ಲಿಗೆ ಬಂತೆಂದು ತಿಳಿಯುತ್ತಿತ್ತು. ಗುರುವಾರ ಸಂಜೆ ಹುಬ್ಬು ಗಂಟಾಗಿತ್ತು.

“ಏನಾತು?”

“ಎರಡ ಕೈ ಆತ್ರಿ. ಈಗ ಎರಡೂ ಕೈ ಕೂಡೆ ಪಡದಿ ಮ್ಯಾಲ ಬರದು ಗದ್ದಲಾ ಎಬ್ಬಸ್ಯಾವ. ನೋಡ್ರಿಲ್ಲೆ.”

ಪರದೆಯ ಮೇಲೆ ಯಾವುದೋ ಮದುಮಗಳ ಹಣೆಯಿತ್ತು, ಅದರ ಕೆಳಗೆ ಯಾವುದೋ ಪೈಲವಾನನ ಮೀಸೆ. ಎರಡೂ ಸೇರಿ ಒಂದೇ ಮುಖವಾಗಿ ಕುತುಬುದ್ದೀನರನ್ನು ನೋಡುತ್ತಿತ್ತು. ನೋಡನೋಡುತ್ತಿದ್ದಂತೆ ಇಡೀ ಪ್ರೋಗ್ರಾಮು ಮಾಯವಾಯಿತು.

“ಯಾ ಅಲ್ಲಾ! ಈ ಜೋಡಿ ನಾ ಮಾಡಿಲ್ಲವಾ,” ಎಂದು ಅವರು ಕೈ ಮುಗಿದರು. ಆಮೇಲೆ ವಿಚಾರ ಮಾಡಿ, “ಒಳಗಿನಾವ ಕೌಂಟರಿಗೆ ಬಂದಾನೇನು?” ಎಂದು ಕೇಳಿದರು.

“ಅಂದ್ರ?”

“ಉಸ್ತಾದರ ಕೈ ಯಾವಾಗಲೂ ಔಷಧದಾಗ ಒದ್ದಿ ಇರ್ತಿತ್ತು. ಆ ಒದ್ದಿ ಕೈಲೆ ಬಂದು ತಯಾರಾದ ಫೋಟೋ ಮುಟ್ಟಿದ್ರು ಅಂದ್ರ, ಅವತ್ತ ಏನೂ ಕಾಣೂದಿಲ್ಲ, ತಿಂಗಳದ ಮ್ಯಾಲ ಹಳದಿ ಹೆಬ್ಬೆರಳು ಮೂಡತಿತ್ತು. ಅದಕ್ಕ ಒಂದ ಕಾಯದೆ ಮಾಡಿದ್ವಿ. ಒಳಗಿನಾವ ಕೌಂಟರ ಮುಟ್ಟಂಗಿಲ್ಲ, ಕೌಂಟರಿನಾವ ಒಳಗ ಹೋಗಂಗಿಲ್ಲ. ಏನ ಇದ್ರೂ ಕಿಂಡ್ಯಾಗ. ಅಂವಾ ಇಟ್ಟು ಕೈ ಹಿಂದ ತಗೋಬೇಕು, ಆಮ್ಯಾಲ ನಾ ತಗೊಂಡು ಗಿರಾಕಿಗೆ ತೋರಸಬೇಕು.”

ಶಾಹಿಸ್ತಾ ಮಾವನನ್ನೇ ನೋಡಿದಳು. “ಪುಸ್ತಕದಾಗೂ ಅದನ್ನ ಬರದಿದ್ರು ಮಾಮಾ. ಪರೀಕ್ಷಾದಾಗ ಬರದು ಮಾರ್ಕ್ಸ್ ತಗೊಂಡಿದ್ದೆ. ಯಾಕ ಅಂತ ಈಗ ತಿಳೀತು.”

ಶನಿವಾರ ಸಂಜೆಗೆ ಪ್ರೋಗ್ರಾಮಿನೊಳಗೂ ಅಂಥದೊಂದು ಕಿಂಡಿ ತಯಾರಾಯಿತು. ಹುಡುಕುವವನು ಒಳಗೆ ಹುಡುಕುತ್ತಿದ್ದ. ಒಂದು ಚಿತ್ರ ಮುಗಿದೊಡನೆ ಒಂದು ಚೀಟಿಯನ್ನು ಕಿಂಡಿಯಲ್ಲಿಡುತ್ತಿದ್ದ. ಪರದೆ ನೋಡಿಕೊಳ್ಳುವವನು ಚೀಟಿ ತೆಗೆದುಕೊಂಡು ಆ ಚಿತ್ರವನ್ನೂ ಅದರ ಅಂಕಿಯನ್ನೂ ತೋರಿಸುತ್ತಿದ್ದ. ಕೆಟ್ಟ ಫೈಲು ಬಂದರೆ ಒಳಗಿನವನು ‘ಇದು ಬರಲಿಲ್ಲ’ ಎಂದು ಬರೆದು ಮುಂದೆ ಹೋಗುತ್ತಿದ್ದ. ರಹಿಮತಬಿಯ ಮುಖಕ್ಕೆ ಹೋಲುವಂಥದ್ದು ಬಂದರೆ ಪರದೆಯವನು ಅದನ್ನು ಕೆಳಗಿನ ಸಾಲಿನಲ್ಲಿ ತೆಗೆದಿಡುತ್ತಿದ್ದ. ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ಒಂದು ದೊಡ್ಡ ಕೆಂಪು ಗುಂಡಿಯಿತ್ತು. ಅದರ ಮೇಲೆ ‘ನಿಲ್ಲಿಸು’ ಎಂದು ಬರೆದಿತ್ತು.

“ಇದ್ಯಾಕ?” ಎಂದರು ಕುತುಬುದ್ದೀನರು.

“ಅದು ನಿಮ್ಮ ಸಲವಾಗಿ. ಇನ್ನ ಮ್ಯಾಲ ನಿಮ್ಮ ಕೈ ಮೇನ್ ಸ್ವಿಚ್ಚಿಗೆ ಹೋಗಬಾರದು. ನಿಲ್ಲಸಬೇಕ ಅನಸಿದ್ರ ಇದನ್ನ ಒತ್ರಿ. ಎಲ್ಲಿ ನಿಂತಿತೋ ಅಲ್ಲಿಂದ ಮತ್ತ ಚಾಲೂ ಮಾಡಾಕ ಬರತೈತಿ.”

“ಒತ್ತಿದ್ರ ಕೇಳತೈತಿ? ಎಷ್ಟ ಕೆಲಸದಾಗ ಇದ್ರೂ?”

“ಒತ್ತಿ ನೋಡ್ರಿ.”

ಒತ್ತಿದರು. ನಿಂತಿತು. ಮತ್ತೆ ಒತ್ತಿದರು. ಹೊರಟಿತು. ಕುತುಬುದ್ದೀನರು ಅದನ್ನು ಏಳೆಂಟು ಸಲ ಮಾಡಿದರು. “ಎಮ್ಮಿ ಕಿವಿ ಅಳ್ಳಾಡಸ್ತು,” ಎಂದರು ಖುಷಿಯಿಂದ.

ಐತವಾರ ಒಂಬತ್ತೂವರೆಗೆ ರಹಿಮತಬಿ ಬಂದಳು. ಜೊತೆಗೆ ಸಬೀನಾ. ತೆಳ್ಳನೆಯ ಹೆಂಗಸು; ಮಾತು ಕಡಿಮೆ. ಬಂದವಳೇ ಗೋಡೆಯ ಮೇಲಿನ ಹಳೆಯ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿ, ಬೆಂಚಿನ ತುದಿಗೆ ಕುಳಿತಳು. ಶಾಹಿಸ್ತಾ ಗುಂಡಿ ಒತ್ತಿದಳು.

ಒಂದು. ಎರಡು. ಮೂರು.

ಊರಿಗೆ ಊರೇ ಪರದೆಯ ಮೇಲೆ ಹಾಯ್ದುಹೋಗತೊಡಗಿತು. ತಲೆಗೆ ರುಮಾಲು ಸುತ್ತಿದ ದಲಾಲರು, ಸೈಕಲ್ಲು ಹಿಡಿದು ನಿಂತ ಹೊಸ ಅಳಿಯಂದಿರು, ಕಾಡಿಗೆ ಬಳಿದ ಕೂಸುಗಳು, ಸಾಲಿ ಮಾಸ್ತರರ ಬೀಳ್ಕೊಡುಗೆ. ಕಾಯುವ ಬೇಸರವೇ ಯಾರಿಗೂ ಆಗಲಿಲ್ಲ. ಕುತುಬುದ್ದೀನರು, “ಇಂವಾ ನೋಡ್ರಿ, ಕೋಟು ನನ್ನದು, ಬಾಡಿಗಿ ಇಲ್ಲದ ಕೊಟ್ಟಿದ್ದೆ,” ಎನ್ನುವರು. ರಹಿಮತಬಿ, “ಅಯ್ಯ, ಈಕಿ ನಮ್ಮೂರ ಗೌಡರ ಸೊಸಿ, ಆಗ ಎಷ್ಟ ತೆಳ್ಳಗಿದ್ಲು!” ಎನ್ನುವಳು. ಎರಡು ಸಾವಿರ ದಾಟಿತು. ಕೆಳಗಿನ ಸಾಲಿನಲ್ಲಿ ನಾಲ್ಕು ಮುಖ ಬಂದು ಕುಳಿತವು. ರಹಿಮತಬಿ ಹತ್ತಿರ ಹೋಗಿ ನೋಡಿ, “ಇಕಿ ಅಲ್ಲ, ಇಕಿ ಅಲ್ಲ, ಇಕಿ ಗಂಡಸು,” ಎಂದು ತೀರ್ಪು ಕೊಟ್ಟಳು. ನಾಲ್ಕನೆಯದು ಬ್ಯಾಂಕಿನ ಸಾಹೇಬರ ಹೆಂಡತಿ.

ಐದು ಸಾವಿರಕ್ಕೆ ಊಟವಾಯಿತು. ಏಳು ಸಾವಿರಕ್ಕೆ ಕೆಳಗಿನ ಸಾಲಿನಲ್ಲಿ ಹತ್ತು ಮುಖ, ಹತ್ತೂ ಅಲ್ಲ. ಸಬೀನಾ ಈಗ ಚಿತ್ರಗಳನ್ನು ಬಿಟ್ಟು ಚಿಕ್ಕವ್ವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ತಾಯಿ ಎದುರಿಗೆ ಬಂದರೂ ಗುರುತು ಸಿಗುವಂತಿರಲಿಲ್ಲ. ಸುದ್ದಿ ಬರುವುದಿದ್ದರೆ ಆ ಮುಖದಲ್ಲೇ ಮೊದಲು ಬರಬೇಕು.

ಒಂದೂವರೆ ದಾಟಿತ್ತು. ಪರದೆಯ ಮೇಲೆ ಒಂದು ಚಿತ್ರ ಬಂತು, ಎರಡು ಸೆಕೆಂಡು ನಿಂತಿತು, ಹೋಯಿತು. ಕೆಳಗಿನ ಸಾಲಿಗೆ ಏನೂ ಬೀಳಲಿಲ್ಲ. ಇನ್ನೊಂದು ಬಂತು.

ರಹಿಮತಬಿ ಎದ್ದುನಿಂತಿದ್ದಳು.

“ಬಳಿ,” ಎಂದಳು. “ನಿಲ್ಲಸ್ರಿ! ನಿಲ್ಲಸ್ರಿ ಭಾಯ್! ಆ ಬಳಿ!”

ಶಾಹಿಸ್ತಾ ಚಹಾದ ಬಟ್ಟಲು ತೊಳೆಯಲು ಹಿತ್ತಲಿಗೆ ಹೋಗಿದ್ದಳು. ಕುತುಬುದ್ದೀನರ ಕೈ ಗೋಡೆಯ ಕಡೆಗೆ ಎದ್ದಿತು. ಅರ್ಧ ದಾರಿಗೆ ಹೋಗಿ ನಿಂತಿತು. ಅವರು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಂತೆ ಇಳಿಸಿ, ಮೌಸು ಹಿಡಿದು, ಕೆಂಪು ಗುಂಡಿಯ ಮೇಲೆ ತಂದು ಒತ್ತಿದರು.

ನಿಂತಿತು. ಏಳು ಸಾವಿರದ ಮುನ್ನೂರ ಹದಿನಾರು.

ಓಡಿಬಂದ ಶಾಹಿಸ್ತಾ ಒಂದೊಂದಾಗಿ ಹಿಂದಕ್ಕೆ ಹೋದಳು. ಹದಿನೈದು. ಹದಿನಾಲ್ಕು. ಹದಿಮೂರು.

ಹಿಂದೆ ಸ್ಟುಡಿಯೋದ ಬಟ್ಟೆಯ ಪರದೆಯ ಮೇಲೆ ಬರೆದ ಕೆರೆ, ಮೆಟ್ಟಿಲು. ಮುಂದೆ ಒಂದು ಬೆಂಚು, ಬೆಂಚಿನ ಮೇಲೆ ಇಬ್ಬರು ಹುಡುಗಿಯರು. ಎಡಗಡೆಯವಳಿಗೆ ಮುಖವೇ ಇರಲಿಲ್ಲ; ತಲೆ ಅಲ್ಲಾಡಿಸಿ ಒಂದು ಮೋಡದಂತೆ ಕಲಸಿಹೋಗಿತ್ತು. ಬಲಗಡೆಯವಳು ಮಾತ್ರ ಕಡೆದಿಟ್ಟಂತೆ ಕುಳಿತಿದ್ದಳು. ಸಣ್ಣ ಮೂಗುತಿ, ಮುಂಗೈ ತುಂಬ ಹೊಸ ಬಳೆ, ಬಿಗಿಹಿಡಿದ ತುಟಿ.

“ಅಲ್ಮಾಸ,” ಎಂದಳು ರಹಿಮತಬಿ. ಬೆರಳು ತಂದು ಪರದೆಯ ಮೇಲಿಟ್ಟಳು. “ಈ ಮೂಗ. ಇದ ಮೂಗ ಸಬೀನಾ, ನಿನ್ನದ.”

ಸಬೀನಾ ಎದ್ದು ಬಂದು ನಿಂತಳು. ಅವಳು ಅಳಲಿಲ್ಲ. ಗೋಡೆಯ ಫೋಟೋಗಳನ್ನು ನೋಡಿದಂತೆಯೇ, ಮೇಲಿನಿಂದ ಕೆಳಗೆ, ಬಹಳ ನಿಧಾನವಾಗಿ ನೋಡಿದಳು.

“ಇದನ್ನ ಯಾಕ ಕೆಳಗ ಹಾಕಲಿಲ್ಲ ಅದು?” ಎಂದರು ಕುತುಬುದ್ದೀನರು.

“ನಾವು ಹುಡಕಾಕ ಹೇಳಿದ್ದು ರಹಿಮತ ಚಾಚಿ ಮುಖಾ,” ಎಂದಳು ಶಾಹಿಸ್ತಾ. “ಈ ಫೋಟೋದಾಗ ಚಾಚಿಗೆ ಮುಖಾನ ಇಲ್ಲ. ಮುಂದ ಹೋಗಿ ಬಿಟ್ಟೈತಿ. ನಾವು ನೋಡ್ಲಿಲ್ಲಂದ್ರ ಹೋಗೇ ಬಿಡ್ತಿತ್ತು.”

“ಚಿಕ್ಕವ್ವ, ನೀ ಯಾಕ ಅಳ್ಳಾಡಿದಿ?” ಎಂದಳು ಸಬೀನಾ.

ರಹಿಮತಬಿ ಬೆರಳು ತೆಗೆಯದೆ ಚಿತ್ರವನ್ನೇ ನೋಡುತ್ತಿದ್ದಳು. ನಲವತ್ತು ವರ್ಷದ ಹಿಂದಿನ ಒಂದು ಗಳಿಗೆ ಅವಳ ಮುಖದ ಮೇಲೆ ಮೆಲ್ಲಗೆ ಬಂದು ಕುಳಿತಿತು. ನಗು ತಡೆಯಲಾಗದೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಚೂಟಿದ್ಲು! ಈ ಭಾಯಿ ‘ಅಳ್ಳಾಡಬ್ಯಾಡ್ರಿ’ ಅಂದ ಕೂಡಲೆ, ಇಲ್ಲೆ ತೊಡಿಗೆ ಚೂಟಿದ್ಲು ನಿಮ್ಮವ್ವ. ಚೂಟಿ ತಾ ಹೆಂಗ ಕುಂತಾಳ ನೋಡು, ಏನೂ ಅರೀದಾಕಿ ಹಂಗ!”

ಸಬೀನಾ ಬಗ್ಗಿ ಆ ಬಿಗಿಹಿಡಿದ ತುಟಿಯನ್ನು ನೋಡಿದಳು. ಅದು ಯಾಕೆ ಬಿಗಿಯಾಗಿತ್ತೆಂದು ಈಗ ತಿಳಿದು, ಅವಳ ತುಟಿಯೂ ಹಾಗೆಯೇ ಬಿಗಿಯಾಯಿತು.

“ಚೇಷ್ಟಿ ಇದ್ಲೇನು?” ಎಂದಳು. “ನೀ ಎಂದೂ ಹೇಳಿದ್ದಿಲ್ಲ.”

“ಮರತಿದ್ದೆ ಮಗಳ. ಸತ್ತವರು ಅಂದ್ರ ಬರೇ ಒಳ್ಳೇವರು ಅಂತ ಹೇಳಕೋತ ಹೋಗಿ, ಅದನ್ನ ಮರತಿದ್ದೆ.”

ಕುತುಬುದ್ದೀನರು ಅಂಕಿ ನೋಡಿಕೊಂಡು ಟ್ರಂಕಿನಿಂದ ಲಕೋಟೆ ತೆಗೆದರು. ನೆಗೆಟಿವ್ವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕರಿ ಮುಖ, ಬಿಳಿ ಕೂದಲು. ಮೂಲೆಯಲ್ಲಿ ಕತ್ತರಿಯಿಂದ ಕತ್ತರಿಸಿದ ಸಣ್ಣ ಗುರುತು. ಕೆಟ್ಟ ಫೋಟೋಗಳಿಗೆ ಅವರೇ ಹಾಕುತ್ತಿದ್ದ ಗುರುತು ಅದು. ಹಾಕಿದ್ದು ನೆನಪಿರಲಿಲ್ಲ. ಎಸೆಯಲಿಲ್ಲ ಎಂಬುದಷ್ಟೇ ಸಮಾಧಾನ.

ಶಾಹಿಸ್ತಾ ದೊಡ್ಡದೊಂದು ಪ್ರತಿ ಮುದ್ರಣಕ್ಕೆ ಹಾಕಿದಳು. “ನಿಲ್ಲಿಸಿ ಬಿಡ್ಲೇನ್ರಿ ಇನ್ನ? ಕೆಲಸಾ ಆತಲ್ಲ,” ಎಂದು ಕೇಳಿದಳು.

“ಇನ್ನೂ ಎಷ್ಟ ಅದಾವು?” ಎಂದಳು ಸಬೀನಾ.

“ಮೂರೂವರೆ ಸಾವಿರದ ಮ್ಯಾಲ.”

“ನಡೀಲಿ ಹಂಗಾದ್ರ. ಅವ್ವ ಮತ್ತೊಮ್ಮೆ ಬಂದಿದ್ರೂ ಬಂದಿರಬೇಕು.”

“ಬಂದಿಲ್ಲವಾ. ನನಗ ಹೇಳದ ಬರಾಕಿ ಅಲ್ಲ ಆಕಿ,” ಎಂದಳು ರಹಿಮತಬಿ.

“ಚೂಟೂದ ಹೇಳಿ ಚೂಟಿದ್ಲೇನು?”

ರಹಿಮತಬಿ ತೊಡೆ ಸವರಿಕೊಂಡು ನಕ್ಕಳು. ಶಾಹಿಸ್ತಾ ಗುಂಡಿ ಒತ್ತಿದಳು. ಅವಳು ತಾನೇ ತೆಗೆದಿಟ್ಟ ಇಬ್ಬರು ಹುಡುಗಿಯರ ಚಿತ್ರ ಕೆಳಗಿನ ಸಾಲಿನಲ್ಲಿ ಹೋಗಿ ಕುಳಿತಿತು. ಮೇಲೆ ಮತ್ತೆ ಊರು ಹಾಯತೊಡಗಿತು. ಈಗ ಸಬೀನಾ ಚಿಕ್ಕವ್ವನ ಮುಖ ನೋಡಲಿಲ್ಲ. ಗುರುತು ಅವಳಿಗೇ ಸಿಕ್ಕಿತ್ತು. ಸ್ಟೂಲು ಎಳೆದುಕೊಂಡು ಪರದೆಯ ಎದುರಿಗೇ ಕುಳಿತಳು.

ಕುತುಬುದ್ದೀನರು ಹಳೆಯ ರೂಢಿಯಂತೆ ಮೇಜಿಗೆ ಎರಡು ಸಲ ಬಡಿದು, ಅಂಕಿಯ ಕಡೆಗೆ ನೋಡಿದರು. ಏಳು ಸಾವಿರದ ಮುನ್ನೂರ ಇಪ್ಪತ್ತು ಇದ್ದದ್ದು ಇಪ್ಪತ್ತೊಂದಾಯಿತು.

“ಅದಾನ, ಒಳಗ ಅದಾನ,” ಎಂದು, ಅವರು ರಹಿಮತಬಿಯ ಗಂಟಿನಲ್ಲಿ ಉಳಿದಿದ್ದ ಶೇಂಗಾ ಬಾಯಿಗೆ ಹಾಕಿಕೊಂಡರು.